ಸೋತವರು ಸಾರಿಸುವ ನೆಲ

ಗದಗ,
ಶಾಲಿವಾಹನ ಶಕ ಎರಡು ಸಾವಿರದ ನೂರಿಪ್ಪತ್ತೆಂಟು, ಪರಾಭವ ನಾಮ ಸಂವತ್ಸರ,
ಮಾಘ ಶುದ್ಧ ದಶಮಿ, ಮಧ್ಯಾಹ್ನದ ಹೊತ್ತು.

ಮೂರು ಸುತ್ತು ಹಿಂದಿನ ಪರಾಭವ ಸಂವತ್ಸರದಲ್ಲಿ ಬದುಕಿರುವ ಹಿರಿಯರಿಗೆ ನೀಲಗಂಗಾ ಅಬ್ಬಿಗೇರಿಯ ಶರಣು ಶರಣಾರ್ಥಿ.

ಮೇಲಿನ ತಾರೀಖು ಓದಿ ಇವಳಿಗೆ ತಲೆ ಕೆಟ್ಟಿದೆ ಎಂದುಕೊಂಡಿದ್ದರೆ ನಿಮ್ಮ ತಪ್ಪೇನಿಲ್ಲ. ನಿಮ್ಮ ಲೆಕ್ಕದಲ್ಲಿ ಇದು ಎರಡು ಸಾವಿರದ ಇನ್ನೂರ ಏಳನೆಯ ಇಸವಿ. ಸಂವತ್ಸರದ ಹೆಸರುಗಳು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವುದರಿಂದ ನಿಮ್ಮ ವರ್ಷಕ್ಕೂ ನಮ್ಮ ವರ್ಷಕ್ಕೂ ಹೆಸರು ಒಂದೇ ಬಿದ್ದಿದೆ, ಆ ಸಲುಗೆಯಿಂದ ಬರೆಯುತ್ತಿದ್ದೇನೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಬೇಕು. ನಿಮ್ಮ ಪುಸ್ತಕಗಳನ್ನು ಓದುವಾಗ ನಮಗೂ ಹಾಗೆಯೇ ಆಗುತ್ತದೆ. ಅರ್ಥವಾಗದ ಶಬ್ದ ಬಂದಾಗ ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ.

ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಕಾಗದ ಹಾಕುವ ವ್ಯವಸ್ಥೆ. ಮುಟ್ಟುತ್ತದೆಯೋ ಇಲ್ಲವೋ ಯಾರಿಗೂ ತಿಳಿಯದು, ಏಕೆಂದರೆ ಉತ್ತರ ಬರುವ ದಾರಿ ಇಲ್ಲ. ನೀವೂ ಈಗ ಒಂದು ದೊಡ್ಡ ಟೆನಿಸ್ ಪಂದ್ಯಾವಳಿಗಾಗಿ ಕಾಯುತ್ತಿದ್ದೀರಿ ಎಂದು ಬಲ್ಲೆ. ಯಾರು ಗೆಲ್ಲಬಹುದು ಎಂದು ಚಹಾದಂಗಡಿಯಲ್ಲಿ ಜಗಳ ನಡೆದಿರಬೇಕು. ಯಾರು ಗೆದ್ದರು ಎಂಬುದು ನನಗೆ ಗೊತ್ತು, ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಹೇಳುವುದಿಲ್ಲ. ಕಾಲು ಹಿಡಿದರೂ ಹೇಳುವುದಿಲ್ಲ. ಮೊದಲೇ ಹೇಳಿಬಿಟ್ಟರೆ ಏನಾಗುತ್ತದೆ ಎಂಬುದನ್ನು ಅನುಭವಿಸಿದವಳು ನಾನು, ಅದನ್ನು ತಿಳಿಸಲೆಂದೇ ಈ ಕಾಗದ.

ನಿಮ್ಮ ಕಾಲದ ದೊಡ್ಡ ಮೈದಾನಗಳಿದ್ದ ಊರುಗಳಲ್ಲಿ ಕೆಲವು ಇಂದು ಸಮುದ್ರದಡಿ ಇವೆ, ಕೆಲವು ಬಿಸಿಲಿಗೆ ಬರಿದಾಗಿವೆ. ಈಗ ಜಗತ್ತಿನ ಏಳು ಊರುಗಳು ನಾಲ್ಕು ವರ್ಷಕ್ಕೊಮ್ಮೆ, ಪಾಳಿಯಂತೆ, ಏಳೂರ ಮಹಾಪಂದ್ಯವನ್ನು ನಡೆಸುತ್ತವೆ. ಕಪ್ಪತಗುಡ್ಡದ ಗಾಳಿಯಿಂದ ಅರ್ಧ ನಾಡಿಗೆ ವಿದ್ಯುತ್ತು ಕೊಡುವ ನಮ್ಮ ಗದಗಿಗೂ ಆ ಭಾಗ್ಯ ಸಿಕ್ಕಿದೆ. ನಗಬೇಡಿ. ದೂರದ ದೇಶದವರು ಬಂದು ನಮ್ಮ ಮಿರ್ಚಿ ತಿಂದು ಕಣ್ಣೀರು ಹಾಕುವುದನ್ನು ನೋಡಿದ್ದರೆ ನೀವೂ ಹೆಮ್ಮೆಪಡುತ್ತಿದ್ದಿರಿ. ನಡೆಸುವ ಊರಿನ ಒಬ್ಬರಿಗೆ ಆಡುವ ಹಕ್ಕು ತಾನಾಗಿಯೇ ಬರುತ್ತದೆ, ಅದಕ್ಕೆ ಊರ ಪಾಲು ಎನ್ನುತ್ತಾರೆ. ಈ ಸಲದ ಊರ ಪಾಲು ನಾನು. ನಾಳೆ ಬೆಳಿಗ್ಗೆ ಮೊದಲ ಆಟ ನನ್ನದು, ಎದುರಿಗೆ ಜಗತ್ತಿನ ಮೊದಲ ಸ್ಥಾನದ ಮಂಗೋಲಿಯಾದ ಹುಡುಗಿ ಸಾರಂಗೆರೆಲ್. ಈ ಪಂದ್ಯ ಮತ್ತೆ ನಮ್ಮೂರಿಗೆ ಬರುವ ಹೊತ್ತಿಗೆ ನಾನು ಅರವತ್ತು ದಾಟಿದ ಮುದುಕಿ. ಆದ್ದರಿಂದ ನನ್ನ ಆಯುಷ್ಯದಲ್ಲಿ ಇದೊಂದೇ ಆಟ.

ಆದರೆ ಊರ ಪಾಲಿನವರು ಆಡುವ ರೂಢಿ ಇಲ್ಲ. ನಮ್ಮಲ್ಲಿ ಮುಂಗಾಣಿ ಎಂಬ ಯಂತ್ರವಿದೆ. ಆಟಗಾರರ ಮೂಳೆ, ಉಸಿರು, ನಿದ್ದೆ, ಹಿಂದಿನ ಆಟಗಳು ಎಲ್ಲವನ್ನೂ ತೂಗಿ ಫಲಿತಾಂಶವನ್ನು ಮೊದಲೇ ಹೇಳುತ್ತದೆ, ಹೇಳಿದ್ದು ತಪ್ಪಿದ ನೆನಪು ಯಾರಿಗೂ ಇಲ್ಲ. ಗೆಲ್ಲುವ ಸಾಧ್ಯತೆಯೇ ಇಲ್ಲದವರು ಆಟಕ್ಕೆ ಮುಂಚೆ ಸಾಕ್ಷಿಗಳ ಎದುರು ಮೂರು ಸಲ ‘ಕೈಬಿಟ್ಟೆ’ ಎಂದು ಹೇಳುತ್ತಾರೆ. ಅದರ ಹೆಸರು ಕೈಬಿಡುಗೆ. ಹೇಳಿದವರಿಗೆ ಶಾಲು ಹೊದಿಸಿ, ಹಣ್ಣು ಕೊಟ್ಟು, ಚಪ್ಪಾಳೆ ತಟ್ಟಿ ಕಳಿಸುತ್ತಾರೆ. ಹೀಗೆ ದುರ್ಬಲರು ಮೊದಲೇ ಮನೆ ಸೇರಿ, ಸರಿಸಮ ಬಲದವರು ಮಾತ್ರ ಆಡುತ್ತಾರೆ. ನೋಡುವವರ ಹೊತ್ತು ಉಳಿಯಿತು, ಸೋಲುವವರ ಮರ್ಯಾದೆ ಉಳಿಯಿತು ಎಂದು ಎಲ್ಲರೂ ಖುಷಿಯಾಗಿದ್ದಾರೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ನಿಮ್ಮಲ್ಲಿತ್ತು. ನಮ್ಮ ಜಟ್ಟಿಗಳು ಬೀಳುವುದೇ ಇಲ್ಲ, ಬರೀ ಮೀಸೆಗೆ ಸನ್ಮಾನ.

ನಮ್ಮ ನೆಲದ ಸಂಗತಿ ಹೇಳದೆ ಮುಂದಿನದು ತಿಳಿಯುವುದಿಲ್ಲ. ಬೇರೆ ಆರೂರುಗಳಲ್ಲಿ ಹಾಳೆನೆಲ ಇದೆ, ಅಂದರೆ ಕಾರ್ಖಾನೆಯಲ್ಲಿ ತಯಾರಾಗಿ ಚಾಪೆಯಂತೆ ಸುರುಳಿ ಬಿಚ್ಚಿ ಹಾಸುವ ನೆಲ. ಗದಗಿನದು ಮಾತ್ರ ಇಂದಿಗೂ ಮಣ್ಣಿನ ಕೋರ್ಟು. ಗುಡ್ಡದ ಕೆಳಗಿನ ಹಾಳು ಹುತ್ತಗಳ ಮಣ್ಣು ತಂದು, ಕುಟ್ಟಿ, ಸೋಸಿ, ನೆನೆಸಿ, ತುಳಿದು ಹಾಸಿ, ಮೇಲೆ ಸೆಗಣಿ ಸಾರಿಸುತ್ತೇವೆ. ದನಗಳು ಈಗ ಊರಿಗೊಂದೇ ಕೊಟ್ಟಿಗೆಯಲ್ಲಿವೆ, ಸೆಗಣಿಗೂ ಬೆಳಗಾಗುವ ಮೊದಲೇ ಪಾಳಿ ಹಚ್ಚಬೇಕು. ಬೇಸಿಗೆಯಲ್ಲಿ ಹಗಲು ಹೊರಗೆ ಕಾಲಿಡುವಂತಿಲ್ಲ, ಬೀದಿಗಳಿಗೆಲ್ಲ ಸೂರು ಹಾಕಿ ನೆರಳುಬೀದಿ ಮಾಡಿದ್ದೇವೆ. ಆದ್ದರಿಂದ ವರ್ಷದ ಆಟವೆಲ್ಲ ಈ ಚಳಿಯ ತಿಂಗಳುಗಳಲ್ಲೇ ಮುಗಿಯಬೇಕು. ಅಷ್ಟು ದಿನವೂ ಕೋರ್ಟಿನ ಪಕ್ಕದ ಮನೆಗಳಿಂದ ರೊಟ್ಟಿ ಬಡಿಯುವ ಸಪ್ಪಳ, ಇತ್ತ ಚೆಂಡಿನ ಸಪ್ಪಳ, ಎರಡೂ ಕೂಡಿ ಕೇಳುತ್ತವೆ. ನಮ್ಮಲ್ಲಿ ಬಹಳ ಹಿಂದಿನಿಂದ ಒಂದು ಕಟ್ಟಳೆ ಇದೆ. ಸಂಜೆ ಆಟ ಮುಗಿದ ಮೇಲೆ ಸೋತವರು ನೆಲ ಸಾರಿಸಬೇಕು. ಗೆದ್ದವರು ಕಟ್ಟೆಯ ಮೇಲೆ ಕೂತು ಚಹಾ ಕುಡಿಯಬಹುದು. ಇದು ಶಿಕ್ಷೆ ಅಲ್ಲ. ನಾಳೆ ಚೆಂಡು ಎಲ್ಲಿ ಪುಟಿಯಬೇಕು, ಎಲ್ಲಿ ಕೂರಬೇಕು ಎಂಬುದು ಸಾರಿಸಿದವರ ಕೈಯಲ್ಲಿರುತ್ತದೆ, ಮಾರನೆಯ ದಿನದ ನೆಲ ಸೋತವರದು. ಇಂಥ ನೆಲ ಆಡಿದಷ್ಟು ದಿನ ಇರುತ್ತದೆ, ಆಡದಿದ್ದರೆ ಬಿರಿಯುತ್ತದೆ. ಮಹಾಪಂದ್ಯದವರ ನಿಯಮವೂ ಹಾಗೇ ಇದೆ: ಊರ ಪಾಲಿನವರು ಆಡಿದರೆ ಆ ಊರಿನ ನೆಲ ಹೇಗಿದೆಯೋ ಹಾಗೇ ಉಳಿಯುತ್ತದೆ, ಕೈಬಿಟ್ಟರೆ ಅದರ ಮೇಲೆ ಹಾಳೆ ಬೀಳುತ್ತದೆ. ಆರೂರುಗಳ ಮಣ್ಣು ಹಾಗೆಯೇ ಹೋಯಿತು.

ಇಪ್ಪತ್ತೆಂಟು ವರ್ಷದ ಹಿಂದೆ, ಕಳೆದ ಸಲ ಪಾಳಿ ಬಂದಾಗ, ನಮ್ಮೂರಿನ ಪಾಲು ನನ್ನ ಸೋದರತ್ತೆ ಫಕೀರವ್ವ. ನನಗೆ ಬ್ಯಾಟು ಹಿಡಿಯಲು ಕಲಿಸಿದವಳು ಅವಳೇ. ಊರಿನವರು, ಮನೆಯವರು ಸೇರಿ ಅವಳಿಂದ ಕೈಬಿಟ್ಟೆ ಎನ್ನಿಸಿದರು. ಆಗ ಮಹಾಪಂದ್ಯ ನಡೆದದ್ದು ಬಯಲಲ್ಲಿ ಹಾಸಿದ ಹಾಳೆಯ ಮೇಲೆ. ಹಳೆಯ ಕೋರ್ಟಿಗೂ ಹಾಸಲು ಬಂದಾಗ ಫಕೀರವ್ವ ಅಲ್ಲಿ ಅಡ್ಡ ಮಲಗಿಬಿಟ್ಟಳಂತೆ. ಮುಂದಿನ ಪಾಳಿಯವರೆಗೆ ನೋಡೋಣ ಎಂದು ಅವರು ಹಾಳೆ ಸುತ್ತಿಕೊಂಡು ಹೋದರು. ಆ ಮುಂದಿನ ಪಾಳಿ ನಾಳೆಯದು. ಅವಳಿಗೆ ಹೊದಿಸಿದ ಶಾಲು ಎಲ್ಲಿದೆ ಎಂದು ಕೇಳಿದರೆ ಹೇಳುತ್ತೇನೆ. ಅವಳು ಅದರಿಂದ ಹುತ್ತದ ಮಣ್ಣು ಸೋಸುತ್ತಾಳೆ. ರೇಷ್ಮೆ ಬಲು ನುಣುಪು, ಒಂದು ಹರಳೂ ದಾಟುವುದಿಲ್ಲ ಎಂದು ಬಂದವರಿಗೆಲ್ಲ ಮೆಚ್ಚಿ ತೋರಿಸುತ್ತಾಳೆ.

ಹೋದ ವಾರ ಮಹಾಪಂದ್ಯದ ಕಡೆಯಿಂದ ಇರ್ಫಾನ್ ಸವಣೂರ ಎಂಬವರು ಬಂದರು. ನಮ್ಮ ಕಡೆಯವರೇ, ಒಳ್ಳೆಯ ಮನುಷ್ಯ, ಸುಳ್ಳು ಹೇಳುವುದಿಲ್ಲ. ಹೊಸ ಶಾಲನ್ನು ಕೈಯಲ್ಲೇ ತಂದಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದಾರಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲೇ ನನ್ನ ಅಪ್ಪ, ಅಣ್ಣ, ಓಣಿಯ ನಾಲ್ಕು ಮಂದಿ ಹಿರಿಯರು ಕಟ್ಟೆಯ ಮೇಲೆ ಸೇರಿಬಿಟ್ಟರು. ಒಂದೂ ಗೇಮು ಸಿಗದೆ ಸೋಲುತ್ತೀ ಎಂದು ಮುಂಗಾಣಿ ಹೇಳಿದೆ, ಇಡೀ ಜಗತ್ತಿನ ಮುಂದೆ ಊರ ಮಾನ ಕಳೆಯುತ್ತೀಯಾ ಎಂದು ಅಣ್ಣ ಕೇಳಿದ. ಗೆದ್ದೆತ್ತಿನ ಬಾಲ ಹಿಡಿಯುವವರಿಗೆ ಸೋಲುವ ಎತ್ತು ಮನೆಯದೇ ಆದರೂ ಬೇಡ. ಅಪ್ಪ ಮಾತ್ರ ನನ್ನ ಮುಖ ನೋಡುತ್ತಿದ್ದ, ನಾನು ನೋಯಬಾರದು ಎಂಬುದಷ್ಟೇ ಅವನಿಗೆ. ಅದಕ್ಕೇ ಹೆಚ್ಚು ಸಂಕಟವಾಯಿತು. ಇರ್ಫಾನರು ಮೆತ್ತಗೆ, “ನೀಲಗಂಗವ್ವಾ, ಮೂರು ಸಲ ಅಂದ್ಬಿಡ್ರಿ ಸಾಕು. ಮಂದಿ ನಿಮ್ಮನ್ನ ನೋಡಿ ನಗೂದು ನನಗೂ ಬ್ಯಾಡಾಗೇತಿ,” ಎಂದರು.

ಹಿರಿಯರೇ, ಇಲ್ಲಿ ಒಂದು ಮಾತು ನೆನಪಿಡಿ. ಯಂತ್ರ ತಪ್ಪು ಹೇಳಿದೆ ಎಂದು ನಾನು ವಾದಿಸಲಿಲ್ಲ. ನನ್ನ ಮೊಣಕಾಲು ಹೇಗಿದೆ ಎಂದು ನನಗೆ ಗೊತ್ತು, ಆ ಹುಡುಗಿಯ ಸರ್ವು ಹೇಗಿದೆ ಎಂದೂ ಗೊತ್ತು. ಪವಾಡ ನಡೆಯುತ್ತದೆ ಎಂದು ಕಾಯುವ ವಯಸ್ಸೂ ನನ್ನದಲ್ಲ. ನಾನು ಅಂದದ್ದು ಇಷ್ಟೇ: “ನಾ ಸೋಲ್ತೀನಿ ಅಂತ ನನಗೂ ಗೊತ್ತೈತ್ರಿ, ಇರ್ಫಾನಣ್ಣಾರ. ಸೋಲಾಕರ ಬಿಡ್ರಿ.”

ಫಕೀರವ್ವ ಅಲ್ಲೇ ಮಣ್ಣು ಸೋಸುತ್ತಿದ್ದವಳು ತಲೆ ಎತ್ತಲಿಲ್ಲ. “ಆಡಿ ಸೋತು ಬಾ. ಬಂದು ಸಾರಸು. ನಾ ನೀರು ಹಾಕ್ತೀನಿ,” ಎಂದಳು. ಅಷ್ಟು ವರ್ಷ ಅವಳ ಗಂಟಲಲ್ಲಿ ಕೂತಿದ್ದ ಮಾತು ಅದು, ನನಗೆ ಕಣ್ಣು ತುಂಬಿ ಬಂತು. ಇರ್ಫಾನರು ತಂದ ಶಾಲನ್ನು ಮಡಚಿಕೊಂಡು ಹೊರಟರು. ಹೊರಡುವಾಗ ಫಕೀರವ್ವನ ಕೈಯಲ್ಲಿದ್ದದ್ದು ಏನು ಎಂದು ಗುರುತು ಹಿಡಿದರು ಅನ್ನಿಸುತ್ತದೆ, ಎರಡನೆಯ ಸಲ ತಿರುಗಿ ನೋಡಿದರು. ಅಂದಿನಿಂದ ಅಣ್ಣ ನನ್ನ ಜೊತೆ ಮಾತಾಡುತ್ತಿಲ್ಲ. ಓಣಿಯಲ್ಲಿ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಾರೆ. ನಿಲ್ಲಿಸಲಿ.

ಇಂದು ಬೆಳಿಗ್ಗೆ ಸಾರಂಗೆರೆಲ್ ಬಂದಳು. ಯಾರಿಗೂ ಹೇಳದೆ, ತಾನೊಬ್ಬಳೇ, ನೆರಳುಬೀದಿಯಲ್ಲಿ ದಾರಿ ಕೇಳುತ್ತ ನಡೆದು ಬಂದಿದ್ದಾಳೆ. ಹತ್ತೊಂಬತ್ತರ ಹುಡುಗಿ, ನನಗಿಂತ ಒಂದು ಮೊಳ ಎತ್ತರ. ಕಿವಿಗೆ ದುಭಾಷಿ ಸಿಕ್ಕಿಸಿಕೊಂಡಿದ್ದಳು, ಅದು ಅವಳ ಮಾತನ್ನು ಪಾಠಪುಸ್ತಕದ ಕನ್ನಡ ಮಾಡಿ ಒಪ್ಪಿಸುತ್ತದೆ. ನನ್ನನ್ನು ಹೆದರಿಸಲು ಬಂದಿರಬೇಕು, ಇಲ್ಲವೆ ಕನಿಕರ ತೋರಿಸಲು ಎಂದು ನಾನು ಸೆಟೆದು ನಿಂತೆ. ಅವಳು ಚಪ್ಪಲಿ ಬಿಟ್ಟು ನೆಲ ಮುಟ್ಟಿ ನೋಡಿ ಕೇಳಿದಳು: “ನಾನು ಸೋತರೆ ಈ ನೆಲವನ್ನು ಸಾರಿಸಬೇಕಂತೆ. ನನಗೆ ಬಾರದು. ದಯವಿಟ್ಟು ಕಲಿಸುವಿರಾ?”

ನನಗೆ ಮೊದಲು ನಗು ಬಂತು, ಆಮೇಲೆ ನಿಂತುಹೋಯಿತು. ಇಡೀ ಜಗತ್ತಿನಲ್ಲಿ ನಾಳೆ ಏನು ಬೇಕಾದರೂ ಆಗಬಹುದು ಎಂದು ಲೆಕ್ಕ ಇಟ್ಟವಳು ಅವಳೊಬ್ಬಳೇ, ನಾನೂ ಇಟ್ಟಿರಲಿಲ್ಲ. ಕೆಲಸ ಕಲಿಯುತ್ತ ಅವಳು ತನ್ನ ಕಥೆ ಹೇಳಿದಳು. ಇಷ್ಟು ಪಂದ್ಯಾವಳಿ ಗೆದ್ದರೂ ಮೊದಲ ಸುತ್ತಿನಲ್ಲಿ ಎದುರಾಳಿಯ ಮುಖವನ್ನೇ ಕಂಡಿಲ್ಲವಂತೆ. ಕೋಣೆಯಲ್ಲಿ ಕೂತಿದ್ದರೆ ಗೆದ್ದೆ ಎಂಬ ಸುದ್ದಿ ಬರುತ್ತದೆ, ತಾಯಿಗೆ ಹೇಳಲೂ ನಾಚಿಕೆಯಾಗುತ್ತದೆ ಎಂದಳು. ನಾನು ಕೈಬಿಟ್ಟಿಲ್ಲ ಎಂದು ತಿಳಿದ ದಿನ ಅವಳಿಗೆ ನಿದ್ದೆ ಬರಲಿಲ್ಲವಂತೆ. ಭಯವೋ ಎಂದೆ. ಹೌದು, ಬಹಳ ಭಯ, ಬಹಳ ಸಂತೋಷ ಎಂದು ದುಭಾಷಿ ಹೇಳಿತು.

ಫಕೀರವ್ವ ನೀರು ಹಾಕಿದಳು, ನಾವಿಬ್ಬರೂ ಸಾರಿಸಿದೆವು. ನಡುವಿನದೆಲ್ಲ ಕಸಬರಿಗೆಯಿಂದ ಬಳಿದು, ಹಿಂದಿನ ಗೆರೆಗಳ ಹತ್ತಿರ ಮಾತ್ರ ಕೈಯಿಂದ ಬಳೆಬಳೆಯಾಗಿ ಎಳೆಯುವುದು ನಮ್ಮ ಪದ್ಧತಿ. ಆ ಹುಡುಗಿ ಎಡಚಿ, ಅವಳ ಬಳೆಗಳೆಲ್ಲ ಉಲ್ಟಾ ತಿರುಗಿವೆ. ಅಳಿಸಿ ಸರಿಮಾಡಲೇ ಎಂದು ಗಾಬರಿಯಿಂದ ಕೇಳಿದಳು. ಇರಲಿ, ನಾಳೆ ಸೋತವಳು ಹೇಗೂ ಅಳಿಸುತ್ತಾಳೆ ಎಂದಳು ಫಕೀರವ್ವ. ಇಷ್ಟರಲ್ಲಿ ಸುದ್ದಿ ಹರಡಿ ಬೇಲಿಯ ಸುತ್ತ ಮಂದಿ ನೆರೆದಿದ್ದರು, ಜಗತ್ತಿನ ಮೊದಲ ಸ್ಥಾನದವಳು ಮೊಣಕೈತನಕ ಸೆಗಣಿ ಮಾಡಿಕೊಂಡು ಕೂತಿದ್ದನ್ನು ನೋಡುತ್ತ. ನಗುವವರು ಯಾರೂ ಇರಲಿಲ್ಲ. ನನ್ನ ಅಣ್ಣನೂ ಅಲ್ಲಿದ್ದ. ಒಂದು ಕೊಡ ನೀರು ತಂದಿಟ್ಟು ಹೋದ.

ಈಗ ನೆಲ ಒಣಗುತ್ತಿದೆ, ನಾನು ಕಟ್ಟೆಯ ನೆರಳಿನಲ್ಲಿ ಕೂತು ನಿಮಗೆ ಬರೆಯುತ್ತಿದ್ದೇನೆ. ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಕಾಲದಲ್ಲಿ ಮುಂಗಾಣಿ ಇನ್ನೂ ಕೂಸು, ಶೇಕಡಾ ಇಷ್ಟು ಇವಳು, ಶೇಕಡಾ ಅಷ್ಟು ಅವಳು ಎಂದು ಪರದೆಯ ಮೂಲೆಯಲ್ಲಿ ಒಂದು ಅಂಕಿಯಾಗಿ ಆಡಿಕೊಂಡಿದೆ. ಬೆಳೆದು ನಿಂತ ಮೇಲೆ ಅದು ಯಾರ ಮಾತೂ ಕೇಳುವುದಿಲ್ಲ. ಬರುವ ಪಂದ್ಯಾವಳಿಯಲ್ಲಿ, ಹೆಸರೇ ಕೇಳಿರದ ಯಾವಳೋ ದೊಡ್ಡವಳ ಎದುರು ಮೊದಲ ಸುತ್ತಿನಲ್ಲಿ ಹಿಂದೆ ಬಿದ್ದಾಗ, ಇದರಲ್ಲಿ ನೋಡುವುದೇನಿದೆ ಎಂದು ಎದ್ದು ಹೋಗಬೇಡಿ. ಅವಳ ಕೊನೆಯ ಚೆಂಡಿನವರೆಗೆ ಕೂತಿರಿ. ನೀವು ಎದ್ದು ಹೋದ ಖಾಲಿ ಕುರ್ಚಿಗಳನ್ನು ನೋಡಿಯೇ ನಮ್ಮವರು ಕೈಬಿಡುಗೆ ಕಂಡುಹಿಡಿದದ್ದು. ನಾನು ನಿಮ್ಮನ್ನು ಬೈಯುತ್ತಿದ್ದೇನೆ ಎನ್ನಿಸಿದರೆ ಹೌದು, ಸ್ವಲ್ಪ ಬೈಯುತ್ತಿದ್ದೇನೆ.

ನನ್ನ ಫಲಿತಾಂಶ ತಿಳಿಸಲು ಮತ್ತೆ ಬರೆಯುವುದಿಲ್ಲ. ಸೆಗಣಿಯ ಬುಟ್ಟಿಯನ್ನು ಕಟ್ಟೆಯ ಮೇಲೆ, ನನ್ನ ಕುರ್ಚಿಯ ಪಕ್ಕದಲ್ಲೇ ಇಟ್ಟಿದ್ದೇನೆ. ನಾಳೆ ಸಂಜೆ ಅದನ್ನು ಎತ್ತುವವಳು ಬಹುಶಃ ನಾನೇ. ಆದರೆ ಆಡಿ ಎತ್ತುತ್ತೇನೆ.

ನಿಮ್ಮ
ನೀಲಗಂಗಾ