ಕತ್ತರಿಸಿದ ಅರ್ಧ ವಾಕ್ಯ

ಜೂನ್ ೧೭, ಮಂಗಳವಾರ

ಸಾಹೇಬರು ನನ್ನ ವಾಕ್ಯದ ಅರ್ಧವನ್ನೇ ಹೊಡೆದುಹಾಕಿದರು. ಬಾಣಂತಿಯರ ಮನೆಗೆ ನರ್ಸುಗಳನ್ನು ಕಳಿಸುವ ಯೋಜನೆಯ ಬಗ್ಗೆ ಬಂದ ಅಧ್ಯಯನಗಳನ್ನೆಲ್ಲ ತಿಂಗಳುಗಟ್ಟಲೆ ಜಾಲಾಡಿ ಮಂತ್ರಿಗಳಿಗೆ ಹೋಗುವ ವರದಿಯಲ್ಲಿ ನಾನು ಬರೆದದ್ದು: 'ಒಬ್ಬಳೇ ನರ್ಸು ಅದೇ ಮನೆಗೆ ಮತ್ತೆ ಮತ್ತೆ ಹೋದ ಕಡೆ ಯೋಜನೆ ಫಲ ಕೊಟ್ಟಿದೆ.' ಈಗ ಉಳಿದಿರುವುದು 'ಯೋಜನೆ ಫಲ ಕೊಟ್ಟಿದೆ' ಅಷ್ಟೇ.

"ಸಾರ್, ಸಲಕ್ಕೊಬ್ಬ ಹೊಸಬರನ್ನ ಕಳಿಸಿದ ಕಡೆ ಏನೂ ಉಪಯೋಗ ಆಗಿಲ್ಲ," ಎಂದೆ.

"ಅದನ್ನ ಅನುಬಂಧಕ್ಕೆ ಹಾಕಮ್ಮ. ಮಂತ್ರಿಗಳಿಗೆ ಹೌದೋ ಅಲ್ವೋ ಅಷ್ಟೇ ಬೇಕು. ನಾಳೆ ಬೆಳಿಗ್ಗೆ ಸಹಿ ಆಗ್ಬೇಕು."

ಅನುಬಂಧವನ್ನು ಬರೆದವರೇ ಇನ್ನೊಮ್ಮೆ ಓದುವುದಿಲ್ಲ. ಮೈಯೆಲ್ಲ ಉರಿಯಿತು, ಆದರೂ ತಲೆಯಾಡಿಸಿ ಬಂದೆ.

ಸಂಜೆ ತಂಗಿಯ ಮನೆಗೆ ಹೋದೆ. ಹೆರಿಗೆಯಾದಾಗಿನಿಂದ ಅವಳಿಗೆ ನಿದ್ದೆ ಹತ್ತುತ್ತಿಲ್ಲ. ಮಗುವನ್ನು ಎತ್ತಿಕೊಳ್ಳಲೂ ಹೆದರುತ್ತಾಳೆ. ಅವಳ ಬೀದಿಯಲ್ಲಿ ಈ ಯೋಜನೆ ಪ್ರಯೋಗಕ್ಕೆಂದು ಆಗಲೇ ಶುರುವಾಗಿದೆ. ನರ್ಸು ಬಂದಿದ್ದರಾ ಎಂದು ಕೇಳಿದೆ.

"ಬಂದಿದ್ರು ಅಕ್ಕ. ಇವತ್ತೂ ಹೊಸಬರು."

"ನಿದ್ದೆ ಬರ್ತಿಲ್ಲ ಅಂತ ಹೇಳಿದ್ಯಾ?"

"ಮುಖ ಪರಿಚಯ ಇಲ್ಲದವರ ಮುಂದೆ ಏನಂತ ಅಳ್ಲಿ? ಎಲ್ಲ ಚೆನ್ನಾಗಿದೆ ಅಂದೆ. ಬರ್ಕೊಂಡು ಹೋದ್ರು."

ಆ 'ಚೆನ್ನಾಗಿದೆ'ಯನ್ನೂ ನಾಳೆ ಯಾರೋ ಯೋಜನೆಯ ಫಲದ ಲೆಕ್ಕಕ್ಕೆ ಸೇರಿಸುತ್ತಾರೆ.

ಮನೆಗೆ ಬಂದವಳೇ ಪೂರ್ತಿ ವಾಕ್ಯವನ್ನು ಮತ್ತೆ ಸೇರಿಸಿದೆ. ಸಾಹೇಬರನ್ನು ಕೇಳದೆ ವರದಿಯನ್ನು ಇಮೇಲ್‌ನಲ್ಲಿ ನೇರ ಮಂತ್ರಿಗಳ ಕಚೇರಿಗೆ ಕಳಿಸಿಬಿಟ್ಟೆ. ಸಾಹೇಬರಿಗೂ ಒಂದು ಪ್ರತಿ. ಕದ್ದುಮುಚ್ಚಿ ಮಾಡುವ ಜಾಯಮಾನ ನನ್ನದಲ್ಲ. ಕೆಲಸ ಹೋದರೆ ಹೋಗಲಿ ಎಂದು ಬರೆಯುವುದು ಸುಲಭ, ಆದರೆ...

ಫೋನ್ ಬರುತ್ತಿದೆ. ಸಾಹೇಬರೇ.