ಹಳ್ಳದ ಅಗಲ

ಮದ್ದೂರು
೧೭ ಅಕ್ಟೋಬರ್ ೨೦೨೪

ಪ್ರೀತಿಯ ಅಣ್ಣನಿಗೆ,

ಅರ್ಪಿತಳ ನಮಸ್ಕಾರ. ಭಾನುವಾರದಿಂದ ಐದಾರು ಸಲ ಫೋನ್ ಮಾಡಿದ್ದೀಯ, ನಾನು ಎತ್ತಲಿಲ್ಲ. ತಪ್ಪಾಯಿತು. ಫೋನಿನಲ್ಲಾದರೆ ಎರಡೇ ಮಾತಿಗೆ ನನ್ನನ್ನು ಒಪ್ಪಿಸಿಬಿಡುತ್ತೀಯ, ಅದಕ್ಕೇ ಈ ಕಾಗದ. ಅತ್ತಿಗೆಯ ಮಂಡಿನೋವು ಹೇಗಿದೆ? ದೀಪಿಕ ಟೆಸ್ಟ್ ಚೆನ್ನಾಗಿ ಬರೆದಳಂತೆ, ಮೆಸೇಜ್ ಹಾಕಿದ್ದಳು.

ಊರೊಳಗಿನ ಹಳ್ಳವನ್ನು ನಾನು ತೆಪ್ಪದಲ್ಲಿ ಕೂತು ಅಳೆದೆನೆಂದು ಯಾರೋ ಕೊಪ್ಪಕ್ಕೇ ಬಂದು ನಿನ್ನ ಕಿವಿಗೆ ಹಾಕಿರಬೇಕು. ನಿಜ. ಹಳ್ಳದ ದಡದ ಕಾಲೋನಿಯ ದೇವಿರಮ್ಮ ಹೋದ ತಿಂಗಳು ನನ್ನ ಬಾಗಿಲಿಗೆ ಬಂದಿದ್ದರು. ಅವರ ಗಂಡ ನಾಗಯ್ಯ ಎರಡು ವರ್ಷದ ಹಿಂದೆ ತೀರಿಹೋದದ್ದು ನಿನಗೆ ಗೊತ್ತು. ಲಕ್ವ ಹೊಡೆದು ಮಲಗಿದ್ದ ಮನುಷ್ಯ. ಮಳೆಗೆ ಹಳ್ಳದ ನೀರು ಹಿಂದಕ್ಕೆ ಒತ್ತಿ ಮನೆಗೆ ನುಗ್ಗಿದಾಗ ಮಂಚದಿಂದ ಏಳಲಾಗದೆ ಮುಳುಗಿಹೋದರು.

"ಮಳೆ ಎಲ್ಲಾ ವರ್ಸನೂ ಉಯ್ತದೆ ಕಣವ್ವ. ಆವತ್ತು ನೀರು ಯಾಕ್ ಇಂದಕ್ ಬಂತು ಅನ್ನೋದ ಅಳದು ಬರ್ಕೊಡು. ನಂಗಷ್ಟು ಸಾಕು" ಎಂದರು ದೇವಿರಮ್ಮ. ಸರ್ವೇಯರ್ ಲೈಸೆನ್ಸ್ ಇಟ್ಟುಕೊಂಡು ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ.

ಎರಡೂ ಕಡೆ ಕಾಂಪೌಂಡುಗಳು ನೀರಿಗೇ ಇಳಿದಿವೆ, ನಡೆದು ಅಳೆಯುವ ಹಾಗಿಲ್ಲ. ಶಿಂಷಾ ಹೊಳೆಯಲ್ಲಿ ಮೀನು ಹಿಡಿಯುವ ಮಹದೇವು ತಮ್ಮ ತೆಪ್ಪ ತಂದರು. ಭಾನುವಾರ ಬೆಳಗ್ಗೆ ಊರಾಚೆ ಕೆರೆಯ ಕೆಳಗೆ ಹಳ್ಳಕ್ಕಿಳಿದೆವು. ನಾನು ಟೇಪು ಹಿಡಿದು ಅಳತೆ ಬರೆದುಕೊಳ್ಳುತ್ತಿದ್ದೆ, ಅವರು ಹುಟ್ಟು ಹಾಕುತ್ತಿದ್ದರು. ಮೊದಲ ಅರ್ಧ ಗಂಟೆ ನಗುವೇ. ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಗಸೊಬ್ಬರು, "ಅಯ್ಯೋ, ಚರಂಡೀಲಿ ತೆಪ್ಪ ಬತ್ತಾ ಅದೆ, ಬನ್ರೇ ನೋಡಿ!" ಎಂದು ಮನೆಯವರನ್ನೆಲ್ಲ ಕೂಗಿದರು.

ಮಾರ್ಕೆಟ್ಟಿನ ಹಿಂಭಾಗಕ್ಕೆ ಬರುವಷ್ಟರಲ್ಲಿ ಸುದ್ದಿ ನಮಗಿಂತ ಮುಂದೆ ಹೋಗಿತ್ತು. ಗೋಡೆಯ ಮೇಲೆ ಮೂವರು ನಿಂತಿದ್ದರು. "ಯಾರು ಕಳ್ಸಿದ್ದು ನಿಮ್ಮುನ್ನ? ಟೇಪು ಒಳಕ್ಕಾಕು" ಎಂದ ಒಬ್ಬ. ನಾನು ಅಳತೆ ಓದುತ್ತಲೇ ಇದ್ದೆ. ಮೇಲಿನಿಂದ ಒಂದು ಇಟ್ಟಿಗೆ ಬಂದು ತೆಪ್ಪದ ಪಕ್ಕದಲ್ಲೇ ಬಿತ್ತು. ಕೊಳಚೆ ನೀರು ಮುಖಕ್ಕೆಲ್ಲ ಸಿಡಿಯಿತು. "ತಲೆ ಬಗ್ಗುಸ್ಕಳಿ ಮೇಡಂ, ಮಾತಾಡ್ಬ್ಯಾಡಿ" ಎಂದು ಮಹದೇವು ಜೋರಾಗಿ ಹುಟ್ಟು ಹಾಕಿದರು. ಆ ಪುಟದ ಅಕ್ಷರ ನೀರಿಗೆ ಕದಡಿ ಓದಲೂ ಆಗುವುದಿಲ್ಲ.

ಸ್ವಲ್ಪ ದೂರ ಹೋದಮೇಲೆ ಅವರು ಹುಟ್ಟು ನಿಲ್ಲಿಸಿ ನೀರು ನೋಡಿದರು. ಅಷ್ಟೊತ್ತು ಕಪ್ಪಗಿದ್ದದ್ದು ಕೆಂಪಾಗಿತ್ತು. "ಮೇಲ್ಗಡೆ ಮಳೆ ಆಗದೆ. ಕೆರೆ ಕೋಡಿ ಬಿದ್ದದೆ ಅನ್ಸುತ್ತೆ."

"ವಾಪಸ್ ಹೋಗೋಣ್ವಾ?"

"ಎದುರ್ ನೀರ್ಗೆ ಆಗಲ್ಲ. ಓದ್ರೆ ಮುಂದಕ್ಕೇಯ."

ಅಣ್ಣ, ಆಮೇಲೆ ನಾವು ತೆಪ್ಪ ನಡೆಸಲಿಲ್ಲ, ನೀರೇ ನಮ್ಮನ್ನು ಎಳೆದುಕೊಂಡು ಹೋಯಿತು. ಸೇತುವೆಯ ಕೆಳಗೆ ಅಂಗಾತ ಮಲಗಿ ಪಾರಾದೆವು. ಕಾಂಕ್ರೀಟು ಮೂಗಿಗೆ ಒಂದು ಗೇಣು ಮೇಲಿತ್ತು. ಆಚೆ ತಿರುವಿನಲ್ಲಿ ಹಳ್ಳ ಒಮ್ಮೆಗೇ ಕಿರಿದಾಯಿತು. ತೆಪ್ಪ ಗಿರ್ರನೆ ತಿರುಗಿ ಗೋಡೆಗೆ ಬಡಿದು ವಾಲಿತು, ನೀರು ಒಳಗೆ ನುಗ್ಗಿತು, ಹುಟ್ಟು ಮುರಿಯಿತು. "ಕಂಬಿ ಇಡ್ಕಳಿ, ಬುಡಬ್ಯಾಡಿ!" ಎಂದು ಮಹದೇವು ಕೂಗಿದರು. ಗೋಡೆಯಿಂದ ಹೊರಚಾಚಿದ್ದ ಕಬ್ಬಿಣದ ಕಂಬಿಗೆ ಜೋತುಬಿದ್ದೆ. ಅವರು ಎದುರಿನ ಗೋಡೆಗೆ ಅಂಗೈ ಒತ್ತಿ ತೆಪ್ಪ ನಿಲ್ಲಿಸಿದರು, ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ನಾನು ಅಳುತ್ತಿದ್ದೆನೋ ಏನೋ. ಅವರು ಮಾತ್ರ ಮೆಲ್ಲಗೆ, "ಅಳದುಬುಡಿ. ಇನ್ನೊಂದ್ಸಲ ಇಲ್ಲಿಗೆ ಬರಕಾಗಕಿಲ್ಲ" ಎಂದು ಒಂದು ಕೈಯಲ್ಲಿ ಟೇಪಿನ ತುದಿ ಹಿಡಿದರು.

ಊರ ನಕ್ಷೆಯಲ್ಲಿ ಅಲ್ಲಿ ಹಳ್ಳದ ಅಗಲ ಇಪ್ಪತ್ತೆಂಟು ಅಡಿ. ನನ್ನ ಟೇಪಿನಲ್ಲಿ ಬಂದದ್ದು ಏಳು ಅಡಿ ಎರಡು ಇಂಚು. ನಾನು ಜೋತುಬಿದ್ದದ್ದು ನಿನ್ನ ಬೆಲ್ಲದ ಗೋಡೌನಿನ ಹಿಂಗೋಡೆಗೆ. ಅದು ಯಾರದೆಂದು ಮಹದೇವುಗೂ ಗೊತ್ತಿತ್ತು. ಅವರು ನನ್ನ ಮುಖ ನೋಡಲಿಲ್ಲ.

ಹಳ್ಳ ಹೊಳೆಗೆ ಸೇರುವ ಕಡೆ ದಡ ಸಿಕ್ಕಿತು. ಅಲ್ಲಿ ದೇವಿರಮ್ಮ ಕಾದಿದ್ದರು. "ಎಲ್ಲಿ ಕಟ್ಕೊಂಡದೆ ನೀರು?"

"ಸೇತುವೆ ಆಚೆ ತಿರುವಲ್ಲಿ. ಏಳೇ ಅಡಿ ಇದೆ."

"ಯಾರ್ದು ಅದು?"

"ನಮ್ಮಣ್ಣಂದು."

ಅವರು ತಿರುಗಿ ಹಳ್ಳದ ಕಡೆ ನೋಡಿದರು. ಆಮೇಲೆ ಸೆರಗು ಕೊಟ್ಟು, "ತಲೆ ಒರಸ್ಕೊ, ಸೀತ ಆಯ್ತದೆ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸೋಮವಾರ ತಾಲೂಕು ಆಫೀಸಿಗೆ ವರದಿ ಕೊಡುತ್ತೇನೆ. ಅಷ್ಟರೊಳಗೆ ನೀನೇ ಮುಂದೆ ಬಂದು ಗೋಡೆ ಒಡೆಸುತ್ತೇನೆಂದು ಬರೆದುಕೊಟ್ಟರೆ ನನಗೆ ಅದಕ್ಕಿಂತ ಸಂತೋಷವಿಲ್ಲ. ಕೊಡದಿದ್ದರೂ ಅಳತೆ ಬದಲಾಗುವುದಿಲ್ಲ. ಕೋಪ ಬಂದರೆ ನನ್ನ ಮೇಲಿರಲಿ, ಮಹದೇವು ಮೇಲೆ ಬೇಡ.

ಅತ್ತಿಗೆಗೆ ನಮಸ್ಕಾರ. ದೀಪಿಕ ಚೆನ್ನಾಗಿ ಓದಿ ನೂರು ಕಾಲ ಸುಖವಾಗಿರಲಿ.

ನಿನ್ನ ತಂಗಿ,
ಅರ್ಪಿತ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಆರು ವರ್ಷದ ಹಿಂದೆ ಗೋಡೌನು ಕಟ್ಟುವಾಗ ನೀನು ಕೇಳಿದೆಯೆಂದು ಸ್ಕೆಚ್ಚಿನಲ್ಲಿ ಹಳ್ಳದ ಗೆರೆಯನ್ನು ಆಚೆಗೆ ಸರಿಸಿ ಸಹಿ ಹಾಕಿದವಳು ನಾನು. "ಒಂದ್ ಗೆರೆ ತಾನೆ, ಯಾರ್ ನೋಡ್ತಾರೆ ಬುಡು" ಅಂದಿದ್ದೆ ನೀನು. ನಾನೂ ಹಾಗೇ ಅಂದುಕೊಂಡೆ. ವರದಿಯಲ್ಲಿ ಅದನ್ನೂ ಬರೆದಿದ್ದೇನೆ. ಲೈಸೆನ್ಸ್ ಉಳಿಯುವುದಿಲ್ಲ, ಹೋಗಲಿ. ದೇವಿರಮ್ಮನಿಗೆ ಇನ್ನೂ ಹೇಳಿಲ್ಲ ಅಣ್ಣ. ಎರಡು ಸಲ ಅವರ ಬೀದಿಯವರೆಗೆ ಹೋಗಿ ವಾಪಸ್ ಬಂದೆ. ಈ ಕಾಗದ ಪೋಸ್ಟಿಗೆ ಹಾಕಿ ಈಗ ಮೂರನೇ ಸಲ ಹೋಗುತ್ತಿದ್ದೇನೆ.