ಕಪ್ಪು ಪರದೆಯ ಹದಿನಾಲ್ಕು ನಿಮಿಷ

ಅಕ್ಕ,

ಈ ಮಾತನ್ನು ಹೇಳದೆ, ಇಲ್ಲಿ ಸಿಂಗಾಪುರದ ಸೆಕೆಯ ವಿಷಯ ಬರೆದೇ ಕಾರ್ಡು ತುಂಬಿಸಿಬಿಡಬಹುದಿತ್ತು. ಆಗ ನಾನು ಹೇಳಿದಂತೆ ನಿನ್ನ ಮದುವೆಯ ವಿಡಿಯೊ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿರಲಿಲ್ಲ, ಅದು ಸುಳ್ಳು. ಹದಿಮೂರನೇ ವಯಸ್ಸಿನಲ್ಲಿ ನಾನೇ ಅದರ ಮೇಲೆ ಟಿವಿಯ ಸಿನಿಮಾ ರೆಕಾರ್ಡ್ ಮಾಡಿದ್ದೆ. ಅಮ್ಮ ನಡೆದಾಡುವ ದೃಶ್ಯ ಅದೊಂದರಲ್ಲೇ ಇತ್ತೆಂದು ಆಗ ಯೋಚಿಸಲಿಲ್ಲ.

ನಿನ್ನೆ ಗೆಳತಿ ಜ್ಯೋತ್ಸ್ನಾಳ ಮಗಳು ವರ್ಣಿಕಾ ನನ್ನನ್ನು ಫಿನ್ಲೆಂಡಿನ ಹಳೆಯ ಮೂಕಿ ಚಿತ್ರವೊಂದಕ್ಕೆ ಕರೆದೊಯ್ದಳು. ಆ ಕಾಲದ ಅವರ ಎಷ್ಟೋ ಚಿತ್ರಗಳು ಕಳೆದೇ ಹೋಗಿವೆಯಂತೆ. ಹೆಂಗಸೊಬ್ಬಳು ದೋಣಿಯಿಂದ ಇಳಿದು ಮನೆಯತ್ತ ನಡೆಯುತ್ತಿದ್ದಂತೆ ಪರದೆ ಕಪ್ಪಾಯಿತು. ಚಿತ್ರದ ಜೊತೆಗೆ ಪರದೆಯ ಪಕ್ಕದಲ್ಲಿ ನುಡಿಸುತ್ತಿದ್ದ ಪಿಯಾನೊ ಮಾತ್ರ ನಿಲ್ಲಲಿಲ್ಲ.

“ಪ್ರೊಜೆಕ್ಟರ್ ಕೆಟ್ಟೋಯ್ತೇನೇ?” ಎಂದೆ.

“ಇಲ್ಲ ಆಂಟಿ, ಆ ರೀಲೇ ಇಲ್ಲ. ಸುಮ್ನೆ ಕೂತ್ಕೊಳ್ಳಿ ಲಾ, ಎಲ್ರೂ ಕೂತಿದಾರೆ,” ಎಂದಳು, ಇಲ್ಲಿಯವರಂತೆ ಮಾತಿಗೊಂದು ‘ಲಾ’ ಸೇರಿಸಿ.

ಹದಿನಾಲ್ಕು ನಿಮಿಷ ಕೂತೆವು, ಒಬ್ಬರೂ ಏಳಲಿಲ್ಲ. ಚಿತ್ರ ಬಿಡುಗಡೆಯಾದಾಗ ನೋಡಿದ್ದವರೊಬ್ಬರು ಪತ್ರಿಕೆಗೆ ಬರೆದಿದ್ದ, ಆ ಕಳೆದ ಭಾಗದ ಕಥೆಯನ್ನು ಆ ಕತ್ತಲಲ್ಲಿ ಯಾರೋ ಓದಿದರು. ಹೆಂಗಸು ಮನೆ ಸೇರಿದಳು.

ಮದುವೆಯ ದಿನ ಅಮ್ಮ ಎಲ್ಲೆಲ್ಲಿ ಓಡಾಡಿದಳು, ಯಾರನ್ನು ಗದರಿದಳು, ನೆನಪಿರುವಷ್ಟನ್ನು ಬರೆದಿಡುತ್ತೀಯಾ? ಕೇಳುವ ಹಕ್ಕು ನನಗಿದೆಯೋ ಇಲ್ಲವೋ, ಗೊತ್ತಿಲ್ಲ.

ಬಿಪಿ ಮಾತ್ರೆ ತಪ್ಪಿಸಿಲ್ಲ.

ನಿನ್ನ ಪದ್ಮಿನಿ

ಮನಸ್ಸು ಬದಲಾಗುವ ಮೊದಲೇ ಇದನ್ನು ಪೋಸ್ಟ್ ಮಾಡುತ್ತೇನೆ: ನಾಳೆ, ಸೋಮವಾರ, ಮೇ 19.